ಬಹುವಚನದ ಬ್ರದರ್

ಆಸ್ಪತ್ರೆಯಲ್ಲಿ ಹೆಣ್ಣು ನರ್ಸಿಗೆ ಸಿಸ್ಟರ್ ಅನ್ನುತ್ತಾರೆ, ಗಂಡು ನರ್ಸಿಗೆ ಬ್ರದರ್ ಅನ್ನುತ್ತಾರೆ. ಈ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಕೊನೆಯ ವಾರ್ಡಿನ ಬ್ರದರ್ ಅವನ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ಊರಿಗೆಲ್ಲ ಅಣ್ಣತಮ್ಮನಾಗಿ ಅವನಿಗೆ ಸಾಕುಸಾಕಾಗಿತ್ತು. ಬೆಡ್‌ಪ್ಯಾನ್ ಬೇಕಾದರೆ ಬ್ರದರ್, ಫ್ಯಾನ್ ತಿರುಗದಿದ್ದರೆ ಬ್ರದರ್, ಹೊರಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಕಾಗೆ ಗಲೀಜು ಮಾಡಿದರೂ ಬ್ರದರ್. ಒಮ್ಮೆ ತುಂಬಿದ ಬಸ್ಸಿನಲ್ಲಿ ಅವನ ಸ್ವಂತ ಹೆಂಡತಿಯೇ ಬಾಯಿ ತಪ್ಪಿ, "ಬ್ರದರ್, ಇಲ್ಲಿ ಸೀಟಿದೆ" ಎಂದು ಕೂಗಿಬಿಟ್ಟಿದ್ದಳು. ಆಮೇಲೆ ಮನೆ ತಲುಪುವ ತನಕ ಗಂಡಹೆಂಡಿರಿಬ್ಬರೂ ಗುರುತಿಲ್ಲದವರಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಆಳು ದಪ್ಪ, ದನಿ ಸಣ್ಣ, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಕೈ ಮಾತ್ರ ಬೇರೆ ಯಾರದ್ದೋ ಎರವಲು ತಂದಂತೆ ಮೆತ್ತಗೆ. ಅವನ ವಾರ್ಡು ಕಾರಿಡಾರಿನ ಕಟ್ಟಕಡೆಗಿತ್ತು. ವಾಸಿಯಾಗುವವರಿಗೆ ಮುಂದುಗಡೆಯ ವಾರ್ಡು, ತಂಪು ಗಾಳಿ, ಗೋಡೆಗೆ ಹೂವಿನ ಚಿತ್ರ. ವಾಸಿಯಾಗದವರಿಗೆ ಹಿಂದುಗಡೆಯ ವಾರ್ಡು, ಕಿರುಗುಟ್ಟುವ ಫ್ಯಾನು, ಗೋಡೆಗೆ 'ಮೌನವಾಗಿರಿ' ಎಂಬ ಬೋರ್ಡು. ಸಾಯುವವರಿಗೂ ಬಾಯಿ ಮುಚ್ಚಿಕೊಂಡು ಸಾಯಿರಿ ಅನ್ನುವಷ್ಟು ಧಿಮಾಕು! ಡಾಕ್ಟರು ದಿನಕ್ಕೊಮ್ಮೆ ಗಾಳಿಯ ಹಾಗೆ ಬಂದು, "ಆರಾಮಾಗಿ ಇಟ್ಟಿರಿ" ಎಂದು ಗಾಳಿಯ ಹಾಗೆ ಹೋಗುತ್ತಿದ್ದರು. ಆರಾಮಾಗಿ ಇಡುವುದೇನು, ಉಪ್ಪಿನಕಾಯಿಯೇ? ಬ್ರದರ್ ಹಲ್ಲು ಕಡಿಯುತ್ತಲೇ ಒಬ್ಬೊಬ್ಬರ ಬೆನ್ನು ಒರೆಸುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ, ಒಣಗಿದ ತುಟಿಗೆ ಒದ್ದೆ ಹತ್ತಿ ಸವರುತ್ತಿದ್ದ.

ಕಿಟಕಿ ಪಕ್ಕದ ಮಂಚಕ್ಕೆ ಒಬ್ಬ ಅಜ್ಜಿ ಬಂದಳು. ಹೊಟ್ಟೆಯೊಳಗೆ ಗಡ್ಡೆ, ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಕಣ್ಣು ಮಂಜಾಗಿದ್ದರಿಂದ ಬ್ರದರ್ ಅವಳ ಪಾಲಿಗೆ ಹಾಸಿಗೆಯ ಪಕ್ಕ ಬಂದುಹೋಗುವ ಒಂದು ದೊಡ್ಡ ಬಿಳಿ ಮೂಟೆ. ಮೊದಲ ದಿನವೇ, "ಯಾರಪ್ಪ ಇದು, ಡುಮ್ಮಣ್ಣ?" ಎಂದಳು. ಅಲ್ಲಿಂದ ಅದೇ ಹೆಸರು ನಿಂತುಹೋಯಿತು. ಬ್ರದರ್‌ಗೆ ಬೇಸರವಾಗಲಿಲ್ಲ. ಡುಮ್ಮಣ್ಣ ಅಂದರೂ ಅವನೊಬ್ಬನೇ ತಾನೆ. ಅಷ್ಟರ ಮಟ್ಟಿಗೆ ಸ್ವಂತದ್ದು.

ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಕ್ಷೌರಿಕರು, ಒಂದೇ ಅಂಗಡಿ, ಎರಡು ಕುರ್ಚಿ. ದೊಡ್ಡವನು ಮಂಚದ ಬಲಕ್ಕೆ ಕೂತರೆ ಚಿಕ್ಕವನು ಎಡಕ್ಕೆ. ಇಬ್ಬರೂ ತಾಯಿಯ ಮುಖ ನೋಡುವರೇ ಹೊರತು ಒಬ್ಬರ ಮುಖ ಒಬ್ಬರು ನೋಡರು. ಔಷಧಿಯ ಅಳತೆ ಇನ್ನೂ ಹೊಂದದೆ ಅಜ್ಜಿ ಇಡೀ ದಿನ ನಿದ್ದೆಯಲ್ಲೇ ಇರುತ್ತಿದ್ದ ದಿನಗಳವು.

"ಬ್ರದರ್," ಎಂದ ದೊಡ್ಡವನು ಮೊದಲ ದಿನ, "ಆ ಕಡೆ ಕೂತಿರೋರಿಗೆ ಸ್ವಲ್ಪ ಹೇಳಿ, ಕಿಟಕಿ ಮುಚ್ಚೋಕೆ."

ಬ್ರದರ್ ಸುತ್ತ ನೋಡಿದ. ಆ ಕಡೆ ಕೂತಿದ್ದವನು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ.

"ಬ್ರದರ್," ಎಂದ ಚಿಕ್ಕವನು, "ಗಾಳಿ ಬೇಕು ಅಂತ ಅಮ್ಮನೇ ಹೇಳಿದ್ದು ಅಂತ ಈ ಕಡೆಯೋರಿಗೆ ತಿಳಿಸಿ."

"ನಾನೇನು ಇಲ್ಲಿ ಪೋಸ್ಟ್‌ಮ್ಯಾನಾ?" ಎಂದ ಬ್ರದರ್.

ಉತ್ತರ ಸಿಕ್ಕಿದ್ದು ಕಾರಿಡಾರಿನಲ್ಲಿ, ಚಿಕ್ಕ ಸೊಸೆಯಿಂದ. ಅವಳು ಫ್ಲಾಸ್ಕ್ ತೊಳೆಯುತ್ತ ಹೇಳಿದಳು: "ನಮ್ಮ ಮದುವೆ ದಿನ ಬೆಳಿಗ್ಗೆ ಭಾವ ನಮ್ಮನೆಯವರ ಮೀಸೆ ತಿದ್ದೋಕೆ ಕೂತ್ರು. ಎಡಗಡೆ ಒಂಚೂರು ಜಾಸ್ತಿ ಹೋಯ್ತು. ಸಮ ಮಾಡೋಕೆ ಬಲಗಡೆ ತೆಗೆದ್ರು. ಅದು ಜಾಸ್ತಿ ಆಯ್ತು. ಮತ್ತೆ ಎಡಗಡೆ. ಹಾಗೇ ಮಾಡ್ತಾ ಮಾಡ್ತಾ ಮೀಸೆನೇ ಮುಗಿದುಹೋಯ್ತು. ಫೋಟೋದಲ್ಲಿ ನನ್ನ ಪಕ್ಕ ಬೇಯಿಸಿದ ಮೊಟ್ಟೆ ನಿಂತ ಹಾಗಿದೆ."

"ಒಂದು ಮೀಸೆಗೆ ಇಷ್ಟು ವರ್ಷವಾ?"

"ಮೀಸೆಗಲ್ಲ ಬ್ರದರ್. ಇವರು ಗೋಳಾಡ್ತಿದ್ರೆ ಭಾವ, 'ಬಿಡೋ, ಮೀಸೆ ಇದ್ದಿದ್ರೂ ನಿನ್ನ ಮುಖ ಇಷ್ಟೇ' ಅಂದ್ರು. ಅಲ್ಲಿಗೆ ಮಾತು ನಿಂತಿತು."

ಆವತ್ತಿನಿಂದ ಅಂಗಡಿಯ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಟವೆಲ್ ಮಡಿಸುತ್ತ, ಈ ಕುರ್ಚಿಯ ಮಾತನ್ನು ಆ ಕುರ್ಚಿಗೆ ಸಾಗಿಸುತ್ತಿದ್ದದ್ದು ತಾಯಿ. ಅವಳು ಮಲಗಿದ ಮೇಲೆ ಗಿರಾಕಿಗಳ ಪಾಡು ಹೇಳತೀರದು. ಗಲ್ಲಕ್ಕೆ ನೊರೆ ಬಳಿಸಿಕೊಂಡು, ಕುತ್ತಿಗೆಯ ಮೇಲೆ ಕತ್ತಿ ಇರುವಾಗಲೇ, "ಪೌಡರ್ ಡಬ್ಬಿ ಕೇಳ್ತಿದಾರೆ ನೋಡಿ" ಎಂದು ಹೇಳಿಕೊಡಬೇಕಿತ್ತು.

ಬ್ರದರ್‌ಗೆ ಮೈ ಉರಿಯಿತು. ತಾಯಿ ಸಾಯುತ್ತ ಮಲಗಿದ್ದಾಳೆ, ಇವರಿಗೆ ಮೀಸೆ!

ಒಂದು ಮಧ್ಯಾಹ್ನ ಬ್ರದರ್ ಅಜ್ಜಿಯ ಕೈಗೆ ಹೊಸ ಸೂಜಿ ಕೂರಿಸಿ, ಪ್ಲಾಸ್ಟರ್ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಎರಡೂ ಕೈಗೆ ಕೆಲಸ, ಬಾಯಿಗೂ ಬಿಡುವಿಲ್ಲ.

"ಬ್ರದರ್, ಅಮ್ಮನ ಕಾಲು ತಣ್ಣಗಿದೆ, ಆ ಹೊದಿಕೆ ಕೊಡಿ," ಎಂದ ದೊಡ್ಡವನು.

ಬ್ರದರ್ ಕಣ್ಣಲ್ಲೇ ಸುಟ್ಟ. ಬೇರೆ ದಾರಿ ಕಾಣದೆ ಚಿಕ್ಕವನು ಎದ್ದು ಹೊದಿಕೆ ಚಾಚಿದ.

"ಬ್ರದರ್, ಪಾದದ ಕೆಳಗೂ ಸಿಕ್ಕಿಸಿ," ಎಂದ ಚಿಕ್ಕವನು ಗೋಡೆ ನೋಡುತ್ತ. ದೊಡ್ಡವನು ಸಿಕ್ಕಿಸಿದ.

ಮಕ್ಕಳು ಹೊರಗೆ ಹೋದ ಮೇಲೆ ಅಜ್ಜಿ ಬ್ರದರ್‌ನ ಅಂಗಿ ಹಿಡಿದೆಳೆದಳು. ಅವಳು ನಿದ್ದೆ ಮಾಡಿರಲೇ ಇಲ್ಲ. ಅಂದು ಔಷಧಿಯ ಅಳತೆ ಹೊಂದಿ, ನೋವೂ ಇಲ್ಲದೆ ಮಂಪರೂ ಇಲ್ಲದೆ, ಕಣ್ಣು ಮುಚ್ಚಿ ಕಿವಿ ತೆರೆದು ಮಲಗಿದ್ದಳು.

"ಕೇಳಿದ್ಯಾ ಡುಮ್ಮಣ್ಣ? ನನ್ನ ಮಕ್ಕಳು ಮಾತಾಡ್ಕೊಂಡ್ರು."

"ಯಾವಾಗ?"

"ಈಗಲ್ವೇನೋ! ಬ್ರದರ್ ಅಂತಾನೆ ಒಬ್ಬ, ಬ್ರದರ್ ಅಂತಾನೆ ಇನ್ನೊಬ್ಬ. ಅಣ್ಣಾ ತಮ್ಮಾ ಅನ್ನೋಕೆ ನಾಚಿಕೆ, ಅದಕ್ಕೇ ಇಂಗ್ಲಿಷು." ಅಜ್ಜಿಯ ಮುಖ ಅರಳಿತ್ತು. "ಅದೂ ಬಹುವಚನ ಕಣೋ! 'ಕೊಡಿ' ಅಂತಾನೆ, 'ಸಿಕ್ಕಿಸಿ' ಅಂತಾನೆ. ನನ್ನ ಹೊಟ್ಟೇಲಿ ಹುಟ್ಟಿದ ಕತ್ತೆಗಳಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬಂತು? ಇನ್ನು ನಾನು ಹೋದ್ರೂ ಚಿಂತೆ ಇಲ್ಲ. ಇವರ ನಡುವೆ ಮಾತು ಹೊರೋಕೆ ಯಾರಿದಾರೆ ಅಂತಾನೇ ಜೀವ ಹಿಡ್ಕೊಂಡಿದ್ದೆ."

ಬ್ರದರ್ ಬಾಯಿ ತೆರೆದ. ಅಜ್ಜಿ, ಆ ಬ್ರದರ್ ನಾನು ಕಣಮ್ಮಾ ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಅಜ್ಜಿ ಅಂದು ತಾನಾಗಿಯೇ ಹಾಲು ಕೇಳಿ ಕುಡಿದಳು. ಕುಡಿದವಳ ಬಾಯಿ ಒರೆಸಿ ಹೊರಗೆ ಬಂದವನೇ ಬ್ರದರ್ ಇಬ್ಬರನ್ನೂ ಬಟ್ಟೆ ರಾಶಿಯ ಕೋಣೆಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದ.

ದೊಡ್ಡವನು ಗಂಟಲು ಸರಿಮಾಡಿಕೊಂಡ. "ಬ್ರದರ್, ಇವರಿಗೆ ಹೇಳಿ, ನಾನು ಇವರಿಗೆ ಬಹುವಚನ ಹಚ್ಚಿದೆ ಅಂತ ಅಮ್ಮ ನಂಬಿರೋದು ನನಗೆ ಅವಮಾನ."

"ಬ್ರದರ್, ಆ ಅವಮಾನ ನನಗೂ ಇದೆ ಅಂತ ಹೇಳಿ."

"ಥೂ ನಿಮ್ಮ!" ಬ್ರದರ್‌ನ ಸಣ್ಣ ದನಿ ಸೀಟಿಯಂತೆ ಮೇಲೇರಿತು. "ಕೇಳಿ ಇಲ್ಲಿ. ಅಮ್ಮನ ಮಂಚದ ಪರದೆ ಒಳಗೆ ನಾನು ಕಿವುಡ, ನಾನು ಮೂಗ. ನೀವು ಬ್ರದರ್ ಅನ್ನಿ, ಎದುರಿನವನು ಕೆಲಸ ಮಾಡಲಿ. ನಿಮ್ಮ ಲೆಕ್ಕದಲ್ಲಿ ನನ್ನ ಜತೆ ಮಾತಾಡ್ತಿದೀರಿ. ಅಮ್ಮನ ಲೆಕ್ಕದಲ್ಲಿ ನಿಮ್ಮ ನಿಮ್ಮಲ್ಲೇ ಮಾತಾಡ್ತಿದೀರಿ. ನಿಮ್ಮ ಹಾಳು ಮರ್ಯಾದೆನೂ ಉಳೀತು, ಅವಳ ಜೀವಕ್ಕೂ ಸಮಾಧಾನ. ಆಗುತ್ತೋ ಇಲ್ವೋ?"

ಆಗುತ್ತದೆ ಎಂದರು, ಇಬ್ಬರೂ ಅವನಿಗೇ.

ಹಾಗೆ ಶುರುವಾದ ನಾಟಕ ಚೆನ್ನಾಗಿಯೇ ಓಡಿತು. "ಬ್ರದರ್, ತಾವು ಊಟ ಮಾಡಿದ್ರಾ?" "ಆಯ್ತು ಬ್ರದರ್, ತಮ್ಮದು?" ಅಜ್ಜಿ ಕಣ್ಣು ಮುಚ್ಚಿಕೊಂಡೇ ನಗುವಳು. ತೊಂದರೆ ಒಂದೇ: ಉಳಿದ ಮಂಚದವರೂ ಅವನನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಬ್ರದರ್ ಮಂಚ ಮಂಚಕ್ಕೂ ಹೋಗಿ ಬೇಡಿಕೊಂಡ. "ಸ್ವಲ್ಪ ದಿನ ನನ್ನನ್ನ ಹಾಗೆ ಕರೀಬೇಡಿ."

"ಮತ್ತೆ ಹೇಗೆ ಕರೀಲಿ?"

"ಚಪ್ಪಾಳೆ ತಟ್ಟಿ."

ಅಲ್ಲಿಂದ ವಾರ್ಡಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬೆಡ್‌ಪ್ಯಾನಿಗೆ ಒಂದು, ನೀರಿಗೆ ಎರಡು. ಡಾಕ್ಟರು ಬಂದು ನಿಂತ ಗಳಿಗೆಗೆ ಸರಿಯಾಗಿ ಮೂಲೆಯ ಮಂಚದವರಿಗೆ ಅವಸರವಾಯಿತು, ಪಟಪಟ ತಟ್ಟಿದರು. ಡಾಕ್ಟರು ಒಮ್ಮೆ ಬೆಚ್ಚಿ, ಆಮೇಲೆ ಮುಖ ಕೆಂಪಾಗಿ, ಎದೆಯ ಮೇಲೆ ಕೈಯಿಟ್ಟು ಸಣ್ಣಗೆ ತಲೆ ಬಾಗಿಸಿದರು. ಅಂದು ಎಂದಿಗಿಂತ ಜಾಸ್ತಿ ಹೊತ್ತು ನಿಂತು ಎಲ್ಲರ ನಾಡಿಯನ್ನೂ ನೋಡಿದರು.

ಆದರೆ ಮುದುಕಿಯ ಆಸೆ ಹಾಲು ಕುಡಿದಷ್ಟಕ್ಕೆ ನಿಲ್ಲಲಿಲ್ಲ. "ಏ ಚಿಕ್ಕವನೇ," ಎಂದಳು ಒಂದು ಬೆಳಿಗ್ಗೆ, "ಬ್ರದರ್ ಅಂದಿದ್ದು ಸಾಕು. ನನ್ನ ಕಿವಿಗೆ ಬೀಳೋ ಹಾಗೆ ಒಂದ್ಸಲ 'ಅಣ್ಣಾ' ಅನ್ನು."

ಚಿಕ್ಕವನ ಬಾಯಿಗೆ ಬೀಗ ಬಿತ್ತು. ದೊಡ್ಡವನು ಚಪ್ಪಲಿಯ ತುದಿ ನೋಡತೊಡಗಿದ. ಬ್ರದರ್ ಕೈಸನ್ನೆ ಮಾಡಿದ, ಕಣ್ಣುಸನ್ನೆ ಮಾಡಿದ, ಕೈ ಮುಗಿದ, ಕೊನೆಗೆ ಮುಷ್ಟಿ ತೋರಿಸಿದ.

"ಅನ್ನೋ," ಎಂದಳು ತಾಯಿ.

ತಡೆಯಲಾರದೆ ಬ್ರದರ್ ತಾನೇ ಮಂಚದ ಎಡಕ್ಕೆ ಬಗ್ಗಿ, ದನಿಯನ್ನು ಆದಷ್ಟು ಗಡಸು ಮಾಡಿಕೊಂಡು, "ಅಣ್ಣಾ..." ಎಂದ.

ಅಜ್ಜಿ ಹುಬ್ಬು ಗಂಟಿಕ್ಕಿದಳು. "ಡುಮ್ಮಣ್ಣ, ನೀನ್ಯಾಕೋ ಮಧ್ಯದಲ್ಲಿ?"

ಅಷ್ಟರಲ್ಲಿ ಬಾಗಿಲ ಪಕ್ಕದ ಮಂಚಕ್ಕೆ ಆಗಷ್ಟೇ ಬಂದಿದ್ದ, ಚಪ್ಪಾಳೆಯ ಕಾನೂನು ಗೊತ್ತಿಲ್ಲದ ಯಾರದೋ ಅಳಿಯ ಸೂರು ಹಾರಿಹೋಗುವಂತೆ ಕೂಗಿದ: "ಬ್ರದರ್! ಡ್ರಿಪ್ ಖಾಲಿ!"

"ಬಂದೇ!" ಎಂದ ಬ್ರದರ್. ಅಭ್ಯಾಸಬಲ. ಅಂದಾದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಜ್ಜಿಯ ಮಂಜುಗಣ್ಣು ಆ ಬಿಳಿ ಮೂಟೆಯ ಕಡೆ ನಿಧಾನವಾಗಿ ತಿರುಗಿತು.

"ಓ," ಎಂದಳು. "ಬ್ರದರ್ ಅಂದ್ರೆ ನೀನಾ?"

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೊದಿಸಲು ಬ್ರದರ್‌ಗೆ ಮನಸ್ಸು ಬರಲಿಲ್ಲ. "ಹೌದಮ್ಮ. ಇಲ್ಲಿ ಗಂಡು ನರ್ಸಿಗೆ ಹಾಗೇ ಕರೆಯೋದು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಮಧ್ಯಾಹ್ನ ಹಾಲು ಬೇಡವೆಂದಳು, ಸಂಜೆ ನೀರೂ ಬೇಡವೆಂದಳು. ಬ್ರದರ್ ಬೆನ್ನು ಒರೆಸಲು ಹೋದರೆ ಮೈ ಬಿಗಿ ಹಿಡಿದಳು. ಅವನು ಮನೆಗೆ ಹೋಗಿ ತಟ್ಟೆಯ ಮುಂದೆ ಕೂತು, "ನಾನೊಬ್ಬ ಅಡ್ನಾಡಿ" ಎಂದ. ಹೆಂಡತಿ ಯಾಕೆ ಎಂದು ಕೇಳಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಮಾರನೇ ದಿನ ಅಜ್ಜಿ ಒಂದೇ ಮಾತಾಡಿದಳು: "ತಲೆ ತುರಿಸುತ್ತೆ."

ಬ್ರದರ್‌ಗೆ ಅಷ್ಟು ಸಾಕಾಗಿತ್ತು. ಮಲಗಿದಲ್ಲೇ ತಲೆ ತೊಳೆಯುವುದು ಸಣ್ಣ ಕೆಲಸವಲ್ಲ. ರಬ್ಬರ್ ಹಾಳೆಯ ಎರಡು ಅಂಚು ಸುರುಳಿ ಸುತ್ತಿ, ಕಾಲುವೆಯ ಹಾಗೆ ಮಾಡಿ ಕತ್ತಿನ ಕೆಳಗಿಟ್ಟು, ತುದಿಯನ್ನು ಬಕೆಟ್ಟಿಗೆ ಇಳಿಬಿಡಬೇಕು. ಒಬ್ಬರು ತಲೆಯನ್ನು ಅಂಗೈಯಲ್ಲಿ ಹೊತ್ತು ನಿಲ್ಲಬೇಕು, ಇನ್ನೊಬ್ಬರು ನೀರು ಹೊಯ್ಯಬೇಕು. ಬ್ರದರ್ ಎಲ್ಲ ಸಜ್ಜು ಮಾಡಿ ಇಬ್ಬರು ಮಕ್ಕಳನ್ನೂ ಕರೆದ. ದೊಡ್ಡವನ ಕೈಯಲ್ಲಿ ತಾಯಿಯ ತಲೆಯಿಟ್ಟ. ಚಿಕ್ಕವನ ಕೈಗೆ ಮಗ್ ಕೊಟ್ಟ.

"ಇವತ್ತು ನಾನು ಇಲ್ಲ," ಎಂದ. "ಬ್ರದರ್ ಅಂದ್ರೆ ತಿರುಗಿಯೂ ನೋಡಲ್ಲ. ನಾಟಕನೂ ಬೇಡ, ಮಾತೂ ಬೇಡ. ತಲೆ ತೊಳೀರಿ, ಸಾಕು. ನಿಮಗೆ ಬರೋ ಕೆಲಸ ತಾನೆ?" ಅಜ್ಜಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ.

ಕೆಲಸ ಬರುತ್ತಿತ್ತು, ಅದನ್ನು ಒಪ್ಪಲೇಬೇಕು. ದೊಡ್ಡವನು ಕತ್ತು ನೋಯದಂತೆ ಮೊಣಕೈಯನ್ನು ದಿಂಬಿಗಾನಿಸಿದ. ಚಿಕ್ಕವನು ನೀರನ್ನು ಮೊದಲು ತನ್ನ ಮಣಿಕಟ್ಟಿಗೆ ಬಿಟ್ಟು ನೋಡಿ, ಆಮೇಲೆ ಹಣೆಯ ಮೇಲೆ ಕೈ ಅಡ್ಡವಿಟ್ಟು ಹೊಯ್ದ. ನೊರೆ ಎದ್ದಿತು. ಎಷ್ಟೋ ದಿನದ ಕೂದಲು ಹಿಂಬದಿಯಲ್ಲಿ ಗಂಟು ಕಟ್ಟಿ ನಾರಿನುಂಡೆಯಾಗಿತ್ತು. ದೊಡ್ಡವನು ಒಂದು ಕೈಯಲ್ಲಿ ಬಿಡಿಸಲು ನೋಡಿದ. ಬಿಡಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು, ಕತ್ತರಿ ಹೊರಬಂತು.

"ಏ!" ಚಿಕ್ಕವನ ದನಿಗೆ ಬಕೆಟ್ಟಿನ ನೀರು ನಡುಗಿತು. "ಕತ್ತರಿ ಇಡೋ ಕೆಳಗೆ! ಈ ಕಡೆ ಒಂಚೂರು, ಆ ಕಡೆ ಒಂಚೂರು ಅಂತ ಬೋಳಿಸಿಬಿಡ್ತೀಯ! ನಿನ್ನ ಕೈಚಳಕ ನನಗೆ ಗೊತ್ತಿಲ್ವಾ?"

ದೊಡ್ಡವನ ಕತ್ತರಿ ಗಾಳಿಯಲ್ಲೇ ನಿಂತಿತು.

ನೊರೆಯೊಳಗಿಂದ ಅಜ್ಜಿ ಕೇಳಿದಳು. "ಯಾರಿಗಂದಿದ್ದು ಅದು? ಡುಮ್ಮಣ್ಣನಿಗಾ?"

"ಅಲ್ಲಮ್ಮ," ಎಂದ ಚಿಕ್ಕವನು, ತನ್ನ ಬಾಯಿಯನ್ನೇ ನಂಬದವನಂತೆ. "ಇವನಿಗೆ."

"ಇಡಿ ಅಂದ್ಯಾ, ಇಡೋ ಅಂದ್ಯಾ?"

"...ಇಡೋ ಅಂದೆ."

"ಹಾಗಾದ್ರೆ ಸರಿ," ಎಂದಳು ಅಜ್ಜಿ. "ಮುಂದುವರಿಸಿ."

ಮುಂದುವರಿಸಿದರು. ವರ್ಷಗಟ್ಟಲೆ ಕಟ್ಟಿಟ್ಟ ಕೊಳಾಯಿ ಒಂದೇ ಸಲ ಬಿಟ್ಟ ಹಾಗೆ. "ಬೋಳಿಸ್ತೀನಾ? ಒಂದು ಮೀಸೆಗೆ ಇಷ್ಟು ವರ್ಷ ಮೂತಿ ಉದ್ದ ಮಾಡ್ಕೊಂಡು ತಿರುಗಿದ್ಯಲ್ಲೋ!" "ಮೀಸೆಗಲ್ಲ ಕಣೋ! ಮುಖ ಇಷ್ಟೇ ಅಂದ್ಯಲ್ಲ, ನನ್ನ ಹೆಂಡ್ತಿ ಎದುರಿಗೇ!" "ಅವತ್ತು ನನ್ನ ಕೈ ನಡುಗ್ತಿತ್ತು! ತಮ್ಮ ಮದುವೆ ಆಗಿ ಬೇರೆ ಮನೆ ಮಾಡ್ತಾನೆ, ಇನ್ನು ರಾತ್ರಿ ಊಟಕ್ಕೆ ಜತೆಗಿರಲ್ಲ ಅಂತ ಬೆಳಿಗ್ಗೆಯಿಂದ ಅದೇ ತಲೇಲಿತ್ತು. ಬಾಯಿಗೆ ಏನು ಬಂತೋ ಅಂದೆ!" "ಅದನ್ನ ಮಾರನೇ ದಿನ ಹೇಳೋಕೆ ಏನಾಗಿತ್ತು ರೋಗ?" "ಹೇಗೆ ಹೇಳ್ಲಿ? ನೀನು ಮಾತು ಬಿಟ್ಟಿದ್ದೆ!" "ಅಮ್ಮನ ಕೈಲಿ ಹೇಳಿಕಳಿಸಬೇಕಿತ್ತು!" "ಇಂಥದ್ದನ್ನೆಲ್ಲ ಯಾರಾದ್ರೂ ಹೇಳಿಕಳಿಸ್ತಾರೇನೋ, ಕತ್ತೆ!"

"ಕಣ್ಣಿಗೆ ನೊರೆ ಹೋಯ್ತು," ಎಂದಳು ತಾಯಿ.

ಇಬ್ಬರೂ ಒಟ್ಟಿಗೇ ಟವೆಲಿಗೆ ಕೈ ಹಾಕಿದರು, ಇಬ್ಬರೂ ಒಟ್ಟಿಗೇ ಒರೆಸಿದರು. ಒರೆಸುವುದು ಹೇಗೆ ಎಂಬುದಕ್ಕೂ ಒಂದು ಜಗಳವಾಯಿತು. ಕತ್ತರಿ ಜೇಬಿಗೆ ಮರಳಿತು. ಗಂಟನ್ನು ಚಿಕ್ಕವನು ಬಾಚಣಿಗೆಯ ಹಲ್ಲಿನ ತುದಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದ. ಅಷ್ಟೂ ಹೊತ್ತು ದೊಡ್ಡವನು ಅಲುಗಾಡದೆ ತಲೆ ಹಿಡಿದು ನಿಂತು, ಬಿಡಿಸುವ ರೀತಿ ತಪ್ಪು ಎಂದು ಹೇಳುತ್ತಲೇ ಇದ್ದ. ಅಜ್ಜಿ ನಗುತ್ತಿದ್ದಳೋ ಅಳುತ್ತಿದ್ದಳೋ, ಆ ಒದ್ದೆಯಲ್ಲಿ ಗೊತ್ತಾಗುವಂತಿರಲಿಲ್ಲ. ಅವಳ ನಾಡಿ ಮಾತ್ರ ಬ್ರದರ್‌ನ ಬೆರಳ ಕೆಳಗೆ ಹುಡುಗಿಯಂತೆ ಕುಣಿಯುತ್ತಿತ್ತು.

ಕೂದಲು ಒಣಗಿದ ಮೇಲೆ ಅವಳು ಹಾಲು ಕೇಳಿದಳು. "ಡುಮ್ಮಣ್ಣ," ಎಂದಳು ಕುಡಿಯುತ್ತ, "ನಾಟಕ ಚೆನ್ನಾಗೇ ಮಾಡಿದ್ರಿ. ಆದ್ರೆ ನಿನ್ನ ದನಿ ಮಾತ್ರ ಯಾವ ಪಾತ್ರಕ್ಕೂ ಆಗಲ್ಲ ಬಿಡು."

ಅಂದಿನಿಂದ ಆ ಮಂಚದ ಸುತ್ತ ಗಲಾಟೆಯೋ ಗಲಾಟೆ. ವರ್ಷಗಳ ಬಾಕಿ ಜಗಳ ತೀರಿಸಲು ಅಣ್ಣತಮ್ಮಂದಿರು ಹಗಲೆಲ್ಲ ದುಡಿದರು. ಗೋಡೆಯ 'ಮೌನವಾಗಿರಿ' ಬೋರ್ಡು ಕಂಡು ಯಾರೋ ದೂರು ಕೊಟ್ಟರು. ಬ್ರದರ್ ಸ್ಟೂಲಿನ ಮೇಲೆ ಹತ್ತಿ ಬೋರ್ಡನ್ನು ಬಿಚ್ಚಿ, ಹೊಲಸು ಬಟ್ಟೆಯ ಬುಟ್ಟಿಗೆ ಎಸೆದ.

ಅಜ್ಜಿ ದಿನದಿಂದ ದಿನಕ್ಕೆ ಇಳಿದಳು. ಒಂದು ಮಧ್ಯಾಹ್ನ ಅವಳ ಉಸಿರು ಬೇರೆಯಾಯಿತು: ಒಂದಷ್ಟು ಬೇಗ ಬೇಗ, ಆಮೇಲೆ ಉದ್ದನೆಯ ಬಿಡುವು, ಮತ್ತೆ ಬೇಗ ಬೇಗ. ಮಕ್ಕಳಿಬ್ಬರೂ ಹೆದರಿ ಮಂಚದಿಂದ ದೂರ ಸರಿದರು. ಬ್ರದರ್ ಇಬ್ಬರನ್ನೂ ತೋಳು ಹಿಡಿದು ಹತ್ತಿರ ಕೂರಿಸಿದ.

"ಹೆದರಬೇಡಿ. ಕೊನೆಗೆ ಉಸಿರು ಹೀಗೇ ಬರೋದು. ಅವಳಿಗೆ ನೋವಿಲ್ಲ, ಅದಕ್ಕೆ ನಾನು ಔಷಧಿ ಕೊಟ್ಟಿದೀನಿ. ಕೈ ಹಿಡ್ಕೊಳ್ಳಿ, ಒಬ್ಬೊಬ್ಬರು ಒಂದೊಂದು. ಕಿವಿ ಇನ್ನೂ ಕೇಳ್ತಿರುತ್ತೆ. ಮಾತಾಡ್ತಾ ಇರಿ."

"ಏನಂತ ಮಾತಾಡೋದು?" ಎಂದ ದೊಡ್ಡವನು.

"ದಿನಾ ಆಡೋದನ್ನೇ ಆಡಿ. ನಿಮಗೇನು ಬರ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕವನು ಮೂಗೊರೆಸಿಕೊಂಡ. "ಅಂಗಡಿ ಬಾಗಿಲ ಕಡೆ ಕನ್ನಡಿ ಬಿರುಕು ಬಿಟ್ಟಿದೆ," ಎಂದ. "ಬದಲಾಯಿಸಬೇಕು."

"ಯಾಕೆ? ಬಿರುಕು ಮೂಲೆಲಿದೆ. ಯಾರಿಗೆ ಕಾಣುತ್ತೆ?"

"ಕೂತೋರಿಗೆ ಕಾಣುತ್ತೆ. ಕಿವಿ ಎರಡಾಗಿ ಕಾಣುತ್ತೆ."

"ಒಂದು ಕಿವಿ ಎರಡಾಗಿ ಕಂಡ್ರೆ ಏನು ಗಂಟು ಹೋಗುತ್ತೆ? ಹೆಚ್ಚಿಗೇನೇ ಬಂತಲ್ಲ."

"ಹೋದ ವಾರ ಒಬ್ಬ ಹೆದರಿ ಎದ್ದೇಹೋದ ಕಣೋ."

"ಅವನು ಎದ್ದಿದ್ದು ಕನ್ನಡಿಗಲ್ಲ, ನಿನ್ನ ಹಾಡಿಗೆ. ಕ್ಷೌರ ಮಾಡ್ತಾ ಯಾರು ಹಾಡ್ತಾರೆ?"

"ನಾನು ಹಾಡೋದಕ್ಕೇ ಅರ್ಧ ಜನ ಬರೋದು!"

"ಉಳಿದರ್ಧ ಅದಕ್ಕೇ ಬರ್ತಿಲ್ಲ!"

ಬ್ರದರ್ ಅಜ್ಜಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಂತಿದ್ದ. ಉಸಿರಿನ ಬಿಡುವು ಉದ್ದವಾಯಿತು, ಇನ್ನಷ್ಟು ಉದ್ದವಾಯಿತು, ಆಮೇಲೆ ಬರೀ ಬಿಡುವೇ ಉಳಿಯಿತು. ಬೆರಳ ಕೆಳಗೂ ಏನೂ ಇರಲಿಲ್ಲ. ಅವಳ ಹುಬ್ಬು ಸಡಿಲವಾಗಿತ್ತು. ಮಕ್ಕಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕೈ ಹಿಡಿದುಕೊಂಡು, ತಾಯಿಯ ಮೇಲಿಂದ ಬಗ್ಗಿ, ಕನ್ನಡಿ ಅಂಡಾಕಾರದ್ದು ತರುವುದೋ ಚೌಕದ್ದು ತರುವುದೋ ಎಂದು ಕಿತ್ತಾಡುತ್ತಿದ್ದರು.

ಹೇಳಲೆಂದು ಬ್ರದರ್ ಬಾಯಿ ತೆರೆದ. ಇವರು ಈ ಮಾತೊಂದು ಮುಗಿಸಲಿ, ಆಮೇಲೆ ಹೇಳೋಣ ಎಂದುಕೊಂಡು ಮುಚ್ಚಿದ. ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾದ. ಅಂಡಾಕಾರವೇ ಚೆಂದ ಅಂದ ದೊಡ್ಡವನು. ನಿನ್ನ ತಲೆ, ಅಂದ ಚಿಕ್ಕವನು. ಮಾತು ಮುಗಿಯುವ ಲಕ್ಷಣವೇ ಕಾಣಲಿಲ್ಲ.